ಎರಡಕ್ಷರದ ಮಾತು

ಅಕ್ಷರ ಗೊತ್ತಾದರೆ ಭಾಷೆ ಅರ್ಧ ಗೊತ್ತಾದಂತೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. "ನಿಮಗೆ ತೆಲುಗು ಬರುತ್ತದೆಯೇ?" ಎಂದು ಕೇಳಿದರೆ, "ಓದಲು ಬರುತ್ತದೆ" ಎಂದು ಉತ್ತರ ಕೊಡುವವರನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಬಸ್ಸಿನ ಹಲಗೆಯ ಮೇಲಿನ ಊರಿನ ಹೆಸರನ್ನು ಕೂಡಿಸಿ ಓದಿದ್ದೇ ಅವರ ಪಾಂಡಿತ್ಯ. ತಪ್ಪೇನೂ ಇಲ್ಲ, ಬಸ್ಸು ತಪ್ಪದಿದ್ದರೆ ಆ ಪಾಂಡಿತ್ಯ ಅಷ್ಟರ ಮಟ್ಟಿಗೆ ಸಾರ್ಥಕವೇ. ಆದರೆ ಅಕ್ಷರ ಬೇರೆ, ಮಾತು ಬೇರೆ. ಪಕ್ಕದ ಮನೆಯವರೂ ನಮ್ಮಂಥದೇ ಡಬ್ಬಿಗಳನ್ನು ಅಡುಗೆಮನೆಯಲ್ಲಿ ಜೋಡಿಸಿಟ್ಟಿದ್ದಾರೆಂದ ಮಾತ್ರಕ್ಕೆ, ನಮ್ಮಲ್ಲಿ ಸಕ್ಕರೆ ಇರುವ ಡಬ್ಬಿಯಲ್ಲಿ ಅವರಲ್ಲಿಯೂ ಸಕ್ಕರೆಯೇ ಇರಬೇಕೆಂಬ ನಿಯಮವಿಲ್ಲ. ಉಪ್ಪಿದ್ದೀತು. ಕಾಫಿಗೆ ಬೆರೆಸುವ ಮುಂಚೆ ಒಂದು ಚಿಟಿಕೆ ನಾಲಗೆಯ ಮೇಲೆ ಹಾಕಿಕೊಂಡು ನೋಡುವುದು ಕ್ಷೇಮ.

ಇದಕ್ಕೆ ನಾನು ಕೊಡಬೇಕೆಂದಿರುವ ಉದಾಹರಣೆ ಬಹು ದೂರದ್ದು. ರಷ್ಯದ ಲಿಪಿಯೆಂದು ನಾವು ರೂಢಿಯಲ್ಲಿ ಹೇಳುವ ಸಿರಿಲಿಕ್ ಲಿಪಿಯಲ್ಲಿ ಎರಡೇ ಅಕ್ಷರದ ಒಂದು ಮಾತಿದೆ. ಮೊದಲನೆಯ ಅಕ್ಷರ ಸೊನ್ನೆಯಂತೆ ದುಂಡಗಿದೆ, ಅದು ಒಕಾರ. ಎರಡನೆಯದು ನೋಡಲು ಇಂಗ್ಲಿಷಿನ ಎಚ್ ಇದ್ದ ಹಾಗೆ, ಎರಡು ಕಂಬ, ನಡುವೆ ಒಂದು ಅಡ್ಡಪಟ್ಟಿ. ಆದರೆ ಅದು ಹಕಾರವಲ್ಲ, ನಕಾರ. ಕೂಡಿಸಿ ಓದಿದರೆ 'ಒನ್'. ಈ ಎರಡಕ್ಷರವನ್ನು ರಷ್ಯದವನಿಗೆ ತೋರಿಸಿದರೆ ಒಂದು ಅರ್ಥ ಹೇಳುತ್ತಾನೆ. ತಾಜಿಕನಿಗೆ ತೋರಿಸಿದರೆ ಇನ್ನೊಂದು. ಕಿರ್ಗಿಜನಿಗೆ ತೋರಿಸಿದರೆ ಮತ್ತೊಂದು. ಮಂಗೋಲಿಯದವನು ಹೇಳುವುದು ಈ ಮೂರೂ ಅಲ್ಲ.

ಮೊದಲು ಲಿಪಿಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಇದು ಸಂತ ಸಿರಿಲನ ಹೆಸರನ್ನು ಹೊತ್ತಿದೆಯಾದರೂ, 9ನೆಯ ಶತಮಾನದಲ್ಲಿ ಅವನು ಸ್ಲಾವ್ ಜನರಿಗಾಗಿ ರಚಿಸಿದ್ದು ಗ್ಲಾಗೊಲಿತಿಕ್ ಎಂಬ ಬೇರೆ ಲಿಪಿಯನ್ನು ಎಂದೂ, ಈಗಿನದು ಗ್ರೀಕ್ ಅಕ್ಷರಗಳ ಆಧಾರದ ಮೇಲೆ ಬಲ್ಗೇರಿಯದಲ್ಲಿ ಅವನ ಶಿಷ್ಯಪರಂಪರೆಯವರ ಕೈಯಲ್ಲಿ ರೂಪುಗೊಂಡಿತೆಂದೂ ವಿದ್ವಾಂಸರ ಅಭಿಪ್ರಾಯ. ಶಿಷ್ಯರ ದುಡಿಮೆಗೆ ಗುರುವಿನ ಹೆಸರು ಬಂದ ಇಂಥ ಸಂಗತಿ ನನ್ನಂಥ ಮೇಷ್ಟರುಗಳ ಕಿವಿಗೆ ಇಂಪಾಗಿಯೇ ಕೇಳಿಸುತ್ತದೆ! ಬಹುಕಾಲ ಇದು ಸ್ಲಾವ್ ಭಾಷೆಗಳ ಮನೆಯಾಗಿತ್ತು. ರಷ್ಯನ್, ಉಕ್ರೇನಿಯನ್, ಬಲ್ಗೇರಿಯನ್, ಸರ್ಬಿಯನ್ ಎಲ್ಲ ಒಂದೇ ಕುಲದವು. 20ನೆಯ ಶತಮಾನದಲ್ಲಿ ಈ ಮನೆಗೆ ಹೊಸ ಒಕ್ಕಲುಗಳು ಬಂದವು. ಸೋವಿಯತ್ ಸರ್ಕಾರ ಮಧ್ಯ ಏಷ್ಯದ ಭಾಷೆಗಳನ್ನು 1920ರ ದಶಕದ ಕೊನೆಯ ಹೊತ್ತಿಗೆ ಅರಬ್ಬೀ ಲಿಪಿಯಿಂದ ಬಿಡಿಸಿ ಲ್ಯಾಟಿನ್ ಲಿಪಿಗೆ ಕರೆತಂದಿತು. ಅಲ್ಲಿ ಹಾಸಿಗೆ ಬೆಚ್ಚಗಾಗುವಷ್ಟರಲ್ಲಿ, 1940ರ ಸುಮಾರಿಗೆ, ಮತ್ತೆ ಎಬ್ಬಿಸಿ ಸಿರಿಲಿಕ್ ಲಿಪಿಗೆ ಕಳುಹಿಸಿತು. ತುರ್ಕಿ ಕುಲದ ಕಜಕ್, ಕಿರ್ಗಿಜ್, ಉಜ್ಬೆಕ್ ಭಾಷೆಗಳೂ, ಪಾರಸಿಯ ಒಡಹುಟ್ಟಾದ ತಾಜಿಕ್ ಭಾಷೆಯೂ ಹೀಗೆ ಬಂದವು. ಮಂಗೋಲಿಯ ಸೋವಿಯತ್ ಒಕ್ಕೂಟಕ್ಕೆ ಸೇರದ ದೇಶವಾಗಿದ್ದರೂ 1941ರಲ್ಲಿ ಅದೇ ದಾರಿ ಹಿಡಿಯಿತು. ಆ ಕಾಲದ ಕಿರ್ಗಿಜ್ ಹಳ್ಳಿಯ ಶಾಲಾಮಾಸ್ತರರನ್ನು ನಾನು ಆಗಾಗ ಕಲ್ಪಿಸಿಕೊಳ್ಳುವುದುಂಟು. ಒಂದೇ ಆಯುಸ್ಸಿನಲ್ಲಿ ಮೂರು ಸಲ ಅಕ್ಷರಾಭ್ಯಾಸ ಮಾಡಿಸಿಕೊಂಡು, ಮೂರು ಸಲ ಮಾಡಿಸಿದ ಆ ಪುಣ್ಯಾತ್ಮರಿಗೆ ಯಾವ ಸಂಬಳ ಕೊಟ್ಟರೂ ಕಡಿಮೆಯೇ.

ಕನ್ನಡದ ಎಂ.ಎ. ಮಾಡಿದವನಿಗೆ ಈ ಉಸಾಬರಿ ಏಕೆ ಬಂತು ಎಂದು ಓದುಗರು ಕೇಳಬಹುದು. ಈ ಅಕ್ಷರಗಳು ನನಗೆ ಬಂದದ್ದು ನನ್ನ ದೊಡ್ಡಪ್ಪನಿಂದ. ಅವರು ಭದ್ರಾವತಿಯಲ್ಲಿ ಫಿಟ್ಟರ್ ಕೆಲಸ ಕಲಿತು, ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಭಿಲಾಯಿಗೆ ಹೋದವರು. 1955ರ ಒಪ್ಪಂದದಂತೆ ರಷ್ಯನ್ನರ ನೆರವಿನಿಂದ ಅಲ್ಲಿ ಉಕ್ಕಿನ ಕಾರ್ಖಾನೆ ಎದ್ದಿತು. 1959ರಲ್ಲಿ ಮೊದಲನೆಯ ಊದುಕುಲುಮೆ ಉರಿಯತೊಡಗಿತು. ದೊಡ್ಡಪ್ಪನಿಗೆ ಉರಾಲ್ ಸೀಮೆಯಿಂದ ಬಂದ ಇಂಜಿನಿಯರೊಬ್ಬರ ಸ್ನೇಹವಾಯಿತು. ಆ ಮನುಷ್ಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ದೊಡ್ಡಪ್ಪನಿಗೂ ಅಷ್ಟಕ್ಕಷ್ಟೆ. ಇಬ್ಬರ ನಡುವೆ ಸೇತುವೆಯಾದದ್ದು ಒಂದು ರಷ್ಯನ್ ಬಾಲಬೋಧೆ. ಅದರ ಅಂಚಿನಲ್ಲೆಲ್ಲ ದೊಡ್ಡಪ್ಪ ಪೆನ್ಸಿಲಿನಿಂದ ಕನ್ನಡದಲ್ಲಿ ಅರ್ಥ ಬರೆದುಕೊಂಡಿದ್ದರು. 'ಒನ್' ಎಂಬುದರ ಎದುರಿಗೆ 'ಅವನು' ಎಂದಿತ್ತು.

ಈ ಮಾತಿನ ಬಗೆಗೆ ಅವರೊಂದು ತಮಾಷೆಯ ಸಂಗತಿ ಹೇಳುತ್ತಿದ್ದರು. ಒಮ್ಮೆ ಚಹಾದ ಹೊತ್ತಿನಲ್ಲಿ ಇಬ್ಬರು ರಷ್ಯನ್ನರು ಮೂರನೆಯವನ ವಿಷಯ ಮಾತಾಡುತ್ತ "ಒನ್... ಒನ್..." ಎನ್ನುತ್ತಿದ್ದರಂತೆ. ಚಹಾ ಕೊಡುವ ಹುಡುಗ ಇಂಗ್ಲಿಷಿನ 'ಆನ್' ಎಂದು ತಿಳಿದು ಓಡಿಹೋಗಿ ಫ್ಯಾನಿನ ಸ್ವಿಚ್ಚು ಒತ್ತಿದನಂತೆ. ಚಳಿಗಾಲದ ದಿನ. ಆದರೂ ಅವನ ವಿನಯಕ್ಕೆ ಮೆಚ್ಚಿ ಇಬ್ಬರೂ ಗಾಳಿಯಲ್ಲಿ ನಡುಗುತ್ತಲೇ ಚಹಾ ಕುಡಿದರಂತೆ.

ರಷ್ಯನ್ ಭಾಷೆಯ ಈ 'ಒನ್' ಸಾಮಾನ್ಯದ ಮಾತಲ್ಲ. ಈಗ ಅದು 'ಅವನು'. ಮೊದಮೊದಲು 'ಆ ದೂರದ್ದು' ಎಂದು ಬೆರಳು ಮಾಡಿ ತೋರಿಸುವ ಮಾತಾಗಿತ್ತು. ನಮ್ಮ 'ಅವನು' ಎಂಬುದರೊಳಗೂ ದೂರವನ್ನು ತೋರಿಸುವ 'ಆ' ಕುಳಿತಿದೆಯಲ್ಲ, ಹಾಗೆಯೇ. ಹಳೆಯ ಸ್ಲಾವ್ ವರ್ಣಮಾಲೆಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಹೆಸರಿತ್ತು. ಒಕಾರದ ಹೆಸರೇ 'ಒನ್'. ಅಕ್ಷರಗಳನ್ನು ಅಂಕಿಗಳಾಗಿಯೂ ಬಳಸುತ್ತಿದ್ದ ಆ ಕಾಲದಲ್ಲಿ ಅದರ ಬೆಲೆ 70. ಇನ್ನೂ ಹಿಂದಕ್ಕೆ ಹೋದರೆ ನಮಗೆ ಪರಿಚಯದ ಮುಖವೊಂದು ಕಾಣಿಸುತ್ತದೆ. ಸಂಸ್ಕೃತದ 'ಅನೇನ' ಎಂಬ ರೂಪ ಯಾರಿಗೆ ಗೊತ್ತಿಲ್ಲ? ಅದರಲ್ಲಿರುವ 'ಅನ' ಎಂಬ ಸರ್ವನಾಮವೂ ರಷ್ಯದ 'ಒನ್' ಎಂಬುದೂ ನೆಂಟರೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ.

ತಾಜಿಕ್ ಭಾಷೆಗೆ ಬಂದರೆ ಇದೇ ಎರಡಕ್ಷರಕ್ಕೆ 'ಅದು', 'ಆ' ಎಂಬ ಅರ್ಥ. ಪಾರಸಿಯ 'ಆನ್' ಎಂಬುದೇ ತಾಜಿಕರ ಬಾಯಲ್ಲಿ ದುಂಡಗಾಗಿ 'ಒನ್' ಆಗಿದೆ. ಪಾರಸಿಯೂ ಸಂಸ್ಕೃತದ ಬಳಗದ್ದೇ ಆದುದರಿಂದ ಈ ಮಾತಿನ ಬುಡವನ್ನೂ ಪಂಡಿತರು ಅದೇ 'ಅನ'ದ ಕಡೆಗೆ ತೋರಿಸುತ್ತಾರೆ. ಎಂದರೆ ರಷ್ಯದ 'ಅವನು' ಮತ್ತು ತಾಜಿಕರ 'ಅದು' ಎಂದೋ ಬೇರೆಯಾಗಿ, ಬೇರೆ ಬೇರೆ ಸೀಮೆ ಸುತ್ತಿ, ಕೊನೆಗೆ ಒಂದೇ ಲಿಪಿಯ ಜಗುಲಿಯ ಮೇಲೆ ಒಂದೇ ಉಡುಪಿನಲ್ಲಿ ಕುಳಿತ ದಾಯಾದಿಗಳು. ನಮ್ಮ ಹಳಗನ್ನಡದಲ್ಲಿ 'ಆನ್' ಎಂದರೆ 'ನಾನು'. ಪಾರಸಿಯವನ 'ಅದು' ಕನ್ನಡ ಕವಿಗೆ 'ನಾನು'! ಇಲ್ಲಿ ನೆಂಟಸ್ತಿಕೆ ಏನೂ ಇಲ್ಲ, ಬರಿಯ ಆಕಸ್ಮಿಕ.

ಕಿರ್ಗಿಜ್ ಮತ್ತು ಕಜಕ್ ಭಾಷೆಗಳಲ್ಲಿ ಈ ಮಾತಿನ ಗೋತ್ರವೇ ಬೇರೆ. ಅಲ್ಲಿ 'ಒನ್' ಎಂದರೆ ಹತ್ತು. ಇದು ನನಗೆ ಪುಸ್ತಕದಿಂದಲ್ಲ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ತಿಳಿಯಿತು. ನಮ್ಮ ಕಡೆಯ ಮಕ್ಕಳು ವೈದ್ಯಕೀಯ ಓದಲು ಕಿರ್ಗಿಜ್‌ಸ್ತಾನಕ್ಕೆ ಹೋಗುವುದು ಈಗ ಹೊಸದಲ್ಲ. ಇವಳೂ ಬಿಷ್ಕೆಕ್ ನಗರಕ್ಕೆ ಹೋದಳು. ಅಲ್ಲಿ ಕಿರ್ಗಿಜ್ ಮತ್ತು ರಷ್ಯನ್ ಎರಡೂ ನಡೆಯುತ್ತವೆ. ಪಾಠ ಇಂಗ್ಲಿಷಿನಲ್ಲಾದರೂ ರೋಗಿಗಳ ಜೊತೆ ಮಾತಾಡಲು ಬೇಕಲ್ಲ ಎಂದು ಇವಳು ರಷ್ಯನ್ ಕಲಿತಳು. ಒಂದು ದಿನ ವಾರ್ಡಿನಲ್ಲಿ, ಹಳ್ಳಿಯಿಂದ ಬಂದ ಮುದುಕಿಯೊಬ್ಬಳನ್ನು "ಹೊಟ್ಟೆನೋವು ಎಷ್ಟು ದಿನದಿಂದ?" ಎಂದು ರಷ್ಯನ್ನಿನಲ್ಲಿ ಕೇಳಿದಳು. ಮುದುಕಿ ಪ್ರಶ್ನೆಯನ್ನು ಅರ್ಥಮಾಡಿಕೊಂಡು ಉತ್ತರವನ್ನು ತನ್ನ ಭಾಷೆಯಲ್ಲೇ ಕೊಟ್ಟಳು: "ಒನ್ ಕ್ಯುನ್."

"ಸರ್, ನನಗೆ 'ಒನ್' ಅಂದರೆ 'ಅವನು' ಅಂತ ಅಷ್ಟೇ ಗೊತ್ತಿದ್ದದ್ದು" ಎಂದು ಅವಳು ಆಮೇಲೆ ಫೋನಿನಲ್ಲಿ ಹೇಳಿದಳು. "ಅಜ್ಜಿ ಯಾರೋ ಗಂಡಸಿನ ಮಾತು ಎತ್ತುತ್ತಿದ್ದಾಳೆ, ಯಾರಾದರೂ ಹೊಡೆದಿರಬಹುದು ಅಂತ ಗಾಬರಿಯಾಯಿತು. ಯಾರು, ಮಗನೋ, ಗಂಡನೋ ಅಂತ ಕೇಳಿದೆ. ಅಜ್ಜಿ ನನ್ನ ಮುಖ ನೋಡಿ, ಎರಡು ಕೈಯನ್ನೂ ಎತ್ತಿ ಹತ್ತು ಬೆರಳು ತೋರಿಸಿದಳು ಸರ್."

'ಕ್ಯುನ್' ಎಂದರೆ ದಿನ. ಹತ್ತು ದಿನದಿಂದ ನೋವು. ಹೊಟ್ಟೆನೋವು ಎರಡು ದಿನದ್ದೋ ಹತ್ತು ದಿನದ್ದೋ ಎಂಬುದರ ಮೇಲೆ ವೈದ್ಯರ ಯೋಚನೆಯೇ ಬೇರೆಯಾಗುತ್ತದೆ. ಪಾಪ, ಆ ಮುದುಕಿ ಹತ್ತು ದಿನ ನೋವು ತಿಂದು ಬಂದು, ಅದನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿಯೇ ಹೇಳಿದಳು. ಕೇಳಿಸಿಕೊಂಡವಳ ಕಿವಿ ಬೇರೆ ಮನೆಯದಾಗಿತ್ತು, ಅಷ್ಟೆ. ನನ್ನ ವಿದ್ಯಾರ್ಥಿನಿ ಜಾಣೆ. ಆ ವಾರದಿಂದಲೇ ಕಿರ್ಗಿಜ್ ಅಂಕಿಗಳನ್ನು ಉರುಹೊಡೆದಳು. ಹನ್ನೊಂದಕ್ಕೆ 'ಒನ್ ಬಿರ್', ಎಂದರೆ ಹತ್ತು-ಒಂದು. ಹದಿನೈದಕ್ಕೆ 'ಒನ್ ಬೆಶ್', ಹತ್ತು-ಐದು. ನಮ್ಮ ಹನ್ನೊಂದು, ಹದಿನೈದುಗಳ ಕಟ್ಟಡವೂ ಹೀಗೆಯೇ ಅಲ್ಲವೇ?

ಈ 'ಹತ್ತು' ಬಲು ಹಳೆಯದು. ಈಗಿನ ಮಂಗೋಲಿಯ ದೇಶದ ಓರ್ಖೋನ್ ಕಣಿವೆಯಲ್ಲಿ 8ನೆಯ ಶತಮಾನದ ತುರ್ಕಿ ಶಿಲಾಶಾಸನಗಳಿವೆ. ಅವುಗಳ ಕಡ್ಡಿಕಡ್ಡಿಯಂಥ ಲಿಪಿಯನ್ನು ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಬಿಡಿಸಿ ಓದಿದರು. ಆ ಶಾಸನಗಳಲ್ಲಿ ಪಶ್ಚಿಮದ ತುರ್ಕಿ ಬಣಗಳ ಒಕ್ಕೂಟಕ್ಕೆ 'ಒನ್ ಓಕ್' ಎಂಬ ಹೆಸರಿದೆ. 'ಹತ್ತು ಬಾಣಗಳು' ಎಂದು ಅರ್ಥ. ಅಂದು ಕಲ್ಲಿನಲ್ಲಿ ಕಡ್ಡಿ ಲಿಪಿ, ಆಮೇಲೆ ಕಾಗದದ ಮೇಲೆ ಅರಬ್ಬೀ ಲಿಪಿ, ಅದರ ಮೇಲೆ ಲ್ಯಾಟಿನ್, ಈಚೆಗೆ ಸಿರಿಲಿಕ್. ಇಷ್ಟು ಅಂಗಿ ಬದಲಾಯಿಸಿದರೂ ಮೈ ಮಾತ್ರ ಅದೇ. ಹತ್ತು ಹತ್ತಾಗಿಯೇ ಉಳಿದಿದೆ.

ಇಲ್ಲೊಂದು ಸ್ವಾರಸ್ಯವಿದೆ. ಆ ಕಲ್ಲುಗಳು ನಿಂತಿರುವ ನೆಲದಲ್ಲಿ ಈಗ ವಾಸವಾಗಿರುವ ಮಂಗೋಲರಿಗೆ 'ಒನ್' ಎಂದರೆ ಹತ್ತಲ್ಲ. ಅವರ ಹತ್ತಕ್ಕೆ 'ಅರವ್' ಎಂಬ ಬೇರೆ ಮಾತಿದೆ. ಮಂಗೋಲ್ ಭಾಷೆಯಲ್ಲಿ 'ಒನ್' ಎಂದರೆ ವರ್ಷ, ಇಸವಿ. ತಾರೀಖು ಬರೆಯುವಾಗ ಮೊದಲು ವರ್ಷದ ಅಂಕಿ, ಅದರ ಬೆನ್ನಿಗೆ ಈ ಮಾತು. ಬರೆಯುವುದು 'ಒನ್' ಎಂದಾದರೂ ಆಡುವಾಗ ಕೊನೆಯ ನಕಾರ ಮೂಗಿನೊಳಕ್ಕೆ ಸರಿದು ಙಕಾರವಾಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಬಾಲಕರನ್ನು ಹೆದರಿಸುವುದಕ್ಕೆಂದೇ ಕುಳಿತಂತಿರುವ ಙಕಾರಕ್ಕೆ ಅಲ್ಲಿ ಕೈತುಂಬ ಕೆಲಸವಿದೆಯೆಂದು ತಿಳಿದಾಗ ನನಗೆ ಸಂತೋಷವಾಯಿತು.

ಹೀಗೆ ಒಂದೇ ಎರಡಕ್ಷರ: ಅವನು, ಅದು, ಹತ್ತು, ವರ್ಷ. ಇಷ್ಟಕ್ಕೇ ನಿಂತಿದ್ದರೆ ಇದೊಂದು ವಿನೋದವಾಗಿ ಉಳಿಯುತ್ತಿತ್ತು. ಆದರೆ ಇದರ ಪಕ್ಕದಲ್ಲಿ ಇನ್ನೊಂದು ಮಾತು ಬಂದು ಕುಳಿತಾಗ ಆಗುವುದನ್ನು ಹೇಳಬೇಕು.

ಆ ರಷ್ಯನ್ ಇಂಜಿನಿಯರು ತಮ್ಮ ಊರಿಗೆ ಮರಳಿದ ಮೇಲೂ ದೊಡ್ಡಪ್ಪನಿಗೆ ವರ್ಷಕ್ಕೊಂದು ಹೊಸ ವರ್ಷದ ಕಾರ್ಡು ಬರುತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದ ಮೇಲೆ ಕಾರ್ಡು ನಿಂತಿತು. ಕೆಲವು ವರ್ಷ ಕಳೆದ ಮೇಲೆ, ನಾನು ಹೈಸ್ಕೂಲಿನಲ್ಲಿದ್ದಾಗ, ಒಂದು ಲಕೋಟೆ ಬಂತು. ಕೈಬರಹ ಬೇರೆ, ಬರೆದವಳು ಅವರ ಮಗಳು. ನಿವೃತ್ತರಾಗಿ ಊರಿಗೆ ಬಂದಿದ್ದ ದೊಡ್ಡಪ್ಪನಿಗೆ ಆಗ ಕಣ್ಣು ಮಂಜಾಗಿತ್ತು. ಬಾಲಬೋಧೆಯನ್ನೂ ಕಾಗದವನ್ನೂ ನನ್ನ ಕೈಗೆ ಕೊಟ್ಟು, "ಒಂದೊಂದೇ ಅಕ್ಷರ ಕೂಡಿಸಿ ಓದು ಮಗು" ಎಂದರು. ಅಪ್ಪ ಎಂಬ ಮಾತು ಸಿಕ್ಕಿತು. ಆಮೇಲೆ ಒಂದು ವಾಕ್ಯದ ಮೊದಲಿಗೆ 'ಒನ್ ಝಿಲ್' ಎಂದಿತ್ತು.

"ಸರಿಯಾಗಿ ನೋಡು. 'ಝಿವ್ಯೋತ್' ಅಂತಿದೆಯೋ, 'ಝಿಲ್' ಅಂತಿದೆಯೋ?"

"'ಝಿಲ್' ಅಂತ ಇದೆ ದೊಡ್ಡಪ್ಪ."

'ಝಿವ್ಯೋತ್' ಎಂದರೆ ಬಾಳುತ್ತಾನೆ, 'ಝಿಲ್' ಎಂದರೆ ಬಾಳಿದ. ಸಂಸ್ಕೃತದ 'ಜೀವ'ದ ಒಡಹುಟ್ಟೇ ಅದು. "ಹಾಗಾದರೆ ಭೂತಕಾಲ" ಎಂದರು ದೊಡ್ಡಪ್ಪ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಬಹಳ ಹೊತ್ತು ಒರೆಸಿದರು. ಮುಂದಿನ ಸಾಲುಗಳನ್ನು ಅಂದು ನಾವು ಓದಲಿಲ್ಲ. ಆ ವರ್ಷ ನಮಗೆ ಶಾಲೆಯಲ್ಲಿ ಕ್ರಿಯಾಪದದ ಕಾಲಗಳ ಪಾಠ ನಡೆದಿತ್ತು. ಅದರಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಆದರೆ ಭೂತಕಾಲವೆಂದರೆ ಏನೆಂದು ನನಗೆ ತಿಳಿದದ್ದು ಆ ಸಂಜೆ.

ಈಗ ನೋಡಿ. ಈ 'ಒನ್ ಝಿಲ್' ಎಂಬುದನ್ನು ಒಂದಕ್ಷರವನ್ನೂ ಬದಲಾಯಿಸದೆ ಮಂಗೋಲಿಯದವನ ಮುಂದೆ ಇಟ್ಟರೆ ಅವನು 'ಒನ್ ಜಿಲ್' ಎಂದು ಓದುತ್ತಾನೆ. ಅವನ ಭಾಷೆಯಲ್ಲಿ 'ಜಿಲ್' ಎಂದರೂ ವರ್ಷವೇ. ನಾವು ಕಾಲಮಾನ ಎಂದು ಜೋಡಿಮಾತು ಆಡುವಂತೆ ಅವರು 'ಒನ್ ಜಿಲ್' ಎನ್ನುತ್ತಾರೆ; ವರ್ಷಗಳು, ಕಾಲ ಎಂದು ಅದರ ಅರ್ಥ. ನಡುವಣ ಒಂದು ಸ್ವರವನ್ನು ಮಾತ್ರ ಬದಲಾಯಿಸಿ ಕಿರ್ಗಿಜನಿಗೋ ಕಜಕನಿಗೋ ತೋರಿಸಿದರೆ ಅವನು 'ಹತ್ತು ವರ್ಷ' ಎಂದು ಓದುತ್ತಾನೆ. ಒಬ್ಬನಿಗೆ 'ಅವನು ಬಾಳಿದ', ಒಬ್ಬನಿಗೆ 'ವರ್ಷಗಳು', ಇನ್ನೊಬ್ಬನಿಗೆ 'ಹತ್ತು ವರ್ಷ'. ಅವರವರ ಮನೆಯಲ್ಲಿ ಯಾರ ಓದೂ ತಪ್ಪಲ್ಲ. ಆದರೆ ಆ ಕಾಗದದಲ್ಲಿ ತೀರಿಕೊಂಡವರು ಒಬ್ಬರು; ಅವರು ತೀರಿಕೊಂಡರೆಂಬುದನ್ನು ಹೇಳುವ ಅರ್ಥವೂ ಒಂದೇ. ಮಿಕ್ಕ ಅರ್ಥಗಳು ಎಷ್ಟು ಸುಂದರವಾಗಿದ್ದರೂ ದೊಡ್ಡಪ್ಪನ ಗೆಳೆಯನ ಸುದ್ದಿ ಅವುಗಳಲ್ಲಿಲ್ಲ.

ಮಾತಿನ ಅರ್ಥ ಅಕ್ಷರದಲ್ಲಿಲ್ಲ, ಅದನ್ನು ಆಡಿದವರ ಬದುಕಿನಲ್ಲಿದೆ ಎಂದು ನಾನು ತರಗತಿಯಲ್ಲಿ ಹೇಳುವಾಗ ನನ್ನ ಮನಸ್ಸಿನಲ್ಲಿರುವುದು ಆ ಕಾಗದವೂ, ಆ ಮುದುಕಿಯ ಹತ್ತು ಬೆರಳುಗಳೂ. ಲಿಪಿ ಇಂದು ಬರುತ್ತದೆ, ನಾಳೆ ಹೋಗುತ್ತದೆ. ಉಜ್ಬೆಕಿಸ್ತಾನ 1993ರಲ್ಲಿ ಲ್ಯಾಟಿನ್ ಲಿಪಿಗೆ ಮರಳುವ ಕಾನೂನು ಮಾಡಿತು. ಕಜಕಸ್ತಾನ 2017ರಲ್ಲಿ ಅಂಥದೇ ಆಜ್ಞೆ ಹೊರಡಿಸಿತು. ಮಂಗೋಲಿಯ 2025ರ ಜನವರಿ 1ರಿಂದ ಸರ್ಕಾರಿ ಕಾಗದಪತ್ರಗಳಲ್ಲಿ ಸಿರಿಲಿಕ್ಕಿನ ಜೊತೆಗೆ ತನ್ನ ಹಳೆಯ, ಮೇಲಿನಿಂದ ಕೆಳಕ್ಕೆ ಇಳಿಯುವ ಲಿಪಿಯನ್ನೂ ತಂದಿತು. ಮುಂದೆ ಎಂದಾದರೂ ಈ ನಾಲ್ಕು ಮಾತುಗಳು ನಾಲ್ಕು ಉಡುಪು ತೊಟ್ಟು ಬೇರೆಬೇರೆಯಾಗಿ ಕಾಣಬಹುದು. ಆಗಲೂ ಅವನು ಅವನೇ, ಹತ್ತು ಹತ್ತೇ.

ಇದು ಪರದೇಶದ ಮಾತಷ್ಟೇ ಎಂದುಕೊಳ್ಳಬೇಕಾಗಿಲ್ಲ. ನಾನು ವೃತ್ತಿಯಿಂದ ಉಪನ್ಯಾಸಕ. ಹಿಂದಿಯವರಿಗೆ ಉಪನ್ಯಾಸವೆಂದರೆ ಕಾದಂಬರಿ. ನನ್ನ ಪಾಠ ಕೇಳಿದವರಲ್ಲಿ ಕೆಲವರು ಹಿಂದಿಯವರ ಅರ್ಥವೇ ಹೆಚ್ಚು ಸರಿ ಎಂದಾರು! ನಮ್ಮ ಕನ್ನಡ ಲಿಪಿಯೂ ಒಬ್ಬರ ಮನೆಯಲ್ಲ; ತುಳು, ಕೊಡವ, ಕೊಂಕಣಿಗಳೂ ಅದರಲ್ಲಿ ಬಾಳುತ್ತಿವೆ. ಒಮ್ಮೆ ಕಪ್ಪುಹಲಗೆಯ ಮೇಲೆ 'ಬಲೆ' ಎಂದು ಬರೆದು ಅರ್ಥ ಕೇಳಿದೆ. ಮೀನು ಹಿಡಿಯುವುದು, ಜೇಡ ನೇಯುವುದು ಎಂದೆಲ್ಲ ಉತ್ತರ ಬಂತು. ಹಿಂದಿನ ಬೆಂಚಿನಲ್ಲಿ ಕರಾವಳಿಯ ಹುಡುಗನೊಬ್ಬ ನಗುತ್ತಿದ್ದ. ಎಬ್ಬಿಸಿ ಕೇಳಿದರೆ, "ನಮ್ಮ ತುಳುವಿನಲ್ಲಿ 'ಬನ್ನಿ' ಅಂತ ಸರ್" ಎಂದ. ಅವನು ಆ ತರಗತಿಗೆ ಸೇರಿ ಎಂಟು ತಿಂಗಳಾಗಿತ್ತು. ತನ್ನ ಮನೆಯ ಮಾತನ್ನು ಅಲ್ಲಿ ಆಡಿದ್ದು ಅದೇ ಮೊದಲು. ಒಬ್ಬನು ಬನ್ನಿ ಎಂದು ಕರೆಯುತ್ತಿರುವಾಗ ಮಿಕ್ಕವರೆಲ್ಲ ಬಲೆ ಬೀಸಿದ್ದಾನೆಂದು ತಿಳಿದರೆ ಹೇಗೆ?

ದೊಡ್ಡಪ್ಪ ಈಗ ಇಲ್ಲ. ಅವರ ಮಟ್ಟಿಗೂ ಕ್ರಿಯಾಪದ ಭೂತಕಾಲಕ್ಕೆ ಬಂದಿದೆ. ಬಾಲಬೋಧೆ ನನ್ನ ಮೇಜಿನ ಮೇಲಿದೆ. ಅವರು 'ಅವನು' ಎಂದು ಬರೆದಿದ್ದ ಸಾಲಿನ ಕೆಳಗೆ ನಾನೂ ಪೆನ್ಸಿಲಿನಿಂದ ಸೇರಿಸಿದ್ದೇನೆ: ತಾಜಿಕರಿಗೆ ಅದು, ಕಿರ್ಗಿಜರಿಗೆ ಹತ್ತು, ಮಂಗೋಲರಿಗೆ ವರ್ಷ. ಅಂಚಿನಲ್ಲಿ ಇನ್ನೂ ಒಂದೆರಡು ಸಾಲಿಗೆ ಜಾಗವಿದೆ.